ಕೈಗೆರೆ

ಹೊಳೆನರಸೀಪುರ ದಾಟಿ
ಹೇಮಾವತಿ ಎಡಕ್ಕೆ ಹೊರಳುವ ಕಡೆ
ಗುಡ್ಡಕ್ಕೆ ಏಳು ಬಾಯಿ.
ಹೋದ ಕಾರ್ತೀಕದಲ್ಲಿ ಒಂದು ಕರು ಬಿದ್ದು
ಮೂರು ದಿನ ಕೂಗಿ ಸುಮ್ಮನಾಯಿತಂತೆ.
ಅದಕ್ಕೇ ಈ ಹುಕುಂ:
ಎಲ್ಲ ಅಳೆದು, ನಕ್ಷೆ ಬರೆದು, ಕಾಂಕ್ರೀಟು ಸುರಿದು ಮುಚ್ಚಿ.

ಅಳೆಯಲು ನಾನು.
ಟೇಪಿನ ತುದಿ ಹಿಡಿಯಲು ನಂಜೇಶ,
ಪಾಲಿಟೆಕ್ನಿಕ್ಕಿನ ಕೊನೆ ವರ್ಷದ ಹುಡುಗ,
ಬಾವಲಿಗೆ ಹೆದರಿ ಕಿವಿಗೆ ಟವಲು ಸುತ್ತಿದವನು.
ದಾರಿ ತೋರಿಸಲು ದ್ಯಾವೀರಮ್ಮ.
ವಯಸ್ಸು ಕೇಳಿದರೆ,
'ಕಂಪ್ನಿ ಬಾಗ್ಲು ಹಾಕ್ದಾಗ
ನನ್ ಎರಡ್ನೇ ಮಗಳು ಮೈನೆರೆದಿದ್ಲು,
ನೀವೇ ಲೆಕ್ಕ ಹಾಕ್ಕಳಿ' ಅಂದಳು.

ಮೊದಲ ಮೂರು ಸುಲಭ.
ಒಂದು ಹನ್ನೊಂದು ಮೀಟರಿಗೇ ಕುಸಿದಿತ್ತು.
ಒಂದರಲ್ಲಿ ಮುಳ್ಳುಹಂದಿ ಸಂಸಾರ ಹೂಡಿತ್ತು.
ಇನ್ನೊಂದರಲ್ಲಿ ಯಾರೋ
ಮೇಣದ ಚುಕ್ಕೆಗಳನ್ನೂ ಒಬ್ಬಳು ಇಸ್ಪೀಟು ರಾಣಿಯನ್ನೂ
ಬಿಟ್ಟು ಹೋಗಿದ್ದರು.

ನಾಲ್ಕನೆಯದು ಉದ್ದ.
ಲಂಟಾನ ಸವರಿ, ಬಗ್ಗಿ ಒಳಗೆ ಹೋದರೆ
ಹಿಂದಿನ ಬೆಳಕು ಮೊದಲು ತಟ್ಟೆಯಷ್ಟು,
ಆಮೇಲೆ ಬಿಲ್ಲೆಯಷ್ಟು, ಆಮೇಲೆ
ತಿರುವು.
ಹಿಕ್ಕೆಯ ನಾತ. ತಲೆಗೆ ತಾಗುವ ಸೂರು.
ಕಪ್ಪು ಅದಿರನ್ನು ಅಗೆದು ಹೊತ್ತೊಯ್ದ ಜಾಗದಲ್ಲಿ
ಅದಕ್ಕಿಂತ ಕಪ್ಪಾದ ಖಾಲಿ.

ನನ್ನ ಹೆಲ್ಮೆಟ್ಟಿನ ದೀಪ ಎರಡು ಸಲ ಮಿಟುಕಿ ಆರಿತು.
ನಂಜೇಶನ ಬ್ಯಾಟರಿ ಹಿಂದೆಲ್ಲೋ
ಬಾವಲಿಗಳ ಜೊತೆ ಜಗಳವಾಡುತ್ತಿತ್ತು.
ನಿಂತೆ.
ದ್ಯಾವೀರಮ್ಮ ನಿಲ್ಲಲಿಲ್ಲ.
ಹೊರಗೆ ಬಿಸಿಲಲ್ಲಿ ಕುಂಟುತ್ತಿದ್ದ ಕಾಲು
ಇಲ್ಲಿ ಕುಂಟುವುದನ್ನೇ ಮರೆತಿತ್ತು.

'ದೀಪ ಇಲ್ಲದೆ ಹೇಗಮ್ಮ?'
'ನಮ್ಗೆಲ್ ಕೊಡ್ತಿದ್ರು ಸ್ವಾಮಿ ದೀಪ?
ಕಾರ್ಬೈಡು ದೀಪ ಕುಳಿ ಹೊಡಿಯೋ ಗಂಡಸ್ರಿಗೆ.
ಬುಟ್ಟಿ ಹೊರೋರ್ಗ್ಯಾಕೆ?
ಹೋಗೋಕೂ ಒಂದೇ ದಾರಿ, ಬರೋಕೂ ಒಂದೇ.
ಕೈ ಕೊಡಿ ಇಲ್ಲಿ.'

ಬೆರಳು ಹಿಡಿದು ಗೋಡೆಗೆ ಒತ್ತಿದಳು.

ಬಳಪದ ಕಲ್ಲು. ಉಳಿಯ ಏಟಿನಿಂದ ಒರಟೊರಟು.
ಆ ಒರಟಿನ ನಡುವೆ, ಸೊಂಟಕ್ಕಿಂತ ಕೊಂಚ ಮೇಲೆ
ನಾಲ್ಕು ಬೆರಳಗಲ ಒಂದು ನುಣುಪು,
ಹಳೆಯ ಒರಳಿನ ಬಾಯಿಯ ಹಾಗೆ,
ಉದ್ದಕ್ಕೂ ಓಡುತ್ತಿತ್ತು, ತಿರುವಿನಲ್ಲಿ ತಿರುಗಿ,
ತೊಲೆ ಇದ್ದ ಕಡೆ ಸ್ವಲ್ಪ ತಗ್ಗಿ.
ಒಂದು ಕೈ ತಲೆಯ ಬುಟ್ಟಿಗೆ,
ಇನ್ನೊಂದು ಇಲ್ಲಿಗೆ.
ಮೂವತ್ತು ಹೆಂಗಸರು, ಹತ್ತೊಂಬತ್ತು ವರ್ಷ.

ಇದೇ ಜಿಲ್ಲೆಯಲ್ಲಿ ಇಂಥದೇ ಕಲ್ಲಿನಲ್ಲಿ
ಬಳೆ, ಡಾಬು, ಮುಂಗುರುಳು ಬಿಡಿಸಿದ್ದಾರೆ,
ಜನ ಬಸ್ಸು ಮಾಡಿಕೊಂಡು ಬಂದು ನೋಡುತ್ತಾರೆ.
ನಂಜೇಶ ಬಂದು ಬ್ಯಾಟರಿ ಬಿಟ್ಟಾಗ
ನಾನೂ ನೋಡಿದೆ.
ಏನೂ ಕಾಣಿಸಲಿಲ್ಲ.

ಎಪ್ಪತ್ತೆಂಟು ಮೀಟರಿಗೆ ಟೇಪು ಒದ್ದೆಯಾಯಿತು.
ನೀರು. ಅಲುಗದ್ದು.
ಹೊಳೆ ಎಲ್ಲಿಂದಲೋ ತಳದಲ್ಲಿ ದಾರಿ ಮಾಡಿಕೊಂಡು ಬಂದು
ಸುರಂಗದ ಮಿಕ್ಕ ಭಾಗದಲ್ಲಿ ಕೂತುಬಿಟ್ಟಿತ್ತು.
'ಮುಂದೆ ಇನ್ನೂ ಎಷ್ಟಿದೆ?'
'ನೂರಾ ಮೂವತ್ತು ಹೆಜ್ಜೆ,' ಯೋಚಿಸದೆ ಅಂದಳು.
'ಬರೀ ಬುಟ್ಟೀಲಿ. ತುಂಬಿದ್ರೆ ನೂರಾ ಐವತ್ತು.'
ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ಇಳಿದು,
ಹೊತ್ತು ಕಳೆದು ಹಿಂದಿರುಗಿದಳು.
ಏನು ಹುಡುಕಿದಳೋ. ಗೋಡೆಯಿಂದ ಕೈ ತೆಗೆದಿರಲಿಲ್ಲ.

ವಾಪಸು ಬರುವಾಗ
ನಂಜೇಶನಿಗೆ ಬ್ಯಾಟರಿ ಆರಿಸಲು ಹೇಳಿದೆ.
ಬೆರಳು ಜಾರಿ ಕೆಳಕ್ಕಿಳಿದಾಗ ಸಿಕ್ಕಿತು
ಇನ್ನೊಂದು ಗೆರೆ,
ಮೊದಲಿನದಕ್ಕಿಂತ ಸಣ್ಣದು, ಎರಡೇ ಬೆರಳಗಲ,
ನನ್ನ ತೊಡೆಯ ಎತ್ತರಕ್ಕೆ.
ಇದು ಯಾರದ್ದು ಅಂತ ಕೇಳಲು ಬಾಯಿ ತೆರೆದವನು
ಎರಡನೇ ಮಗಳ ವಯಸ್ಸು ಲೆಕ್ಕ ಹಾಕುತ್ತ
ಸುಮ್ಮನೆ ಹಿಂಬಾಲಿಸಿದೆ.

ಜೀಪಿನ ಬಾನೆಟ್ಟಿನ ಮೇಲೆ ನಮೂನೆ ತುಂಬಿದೆ:
ಉದ್ದ, ಅಗಲ, ಎತ್ತರ, ನೀರಿನ ಮಟ್ಟ.
ಷರಾ ಅನ್ನುವ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.
ಸಿಮೆಂಟು ಎಷ್ಟು ಮೂಟೆ ಬೇಕಾದೀತು ಸಾರ್,
ನಂಜೇಶ ಕೇಳುತ್ತಲೇ ಇದ್ದ.
ದ್ಯಾವೀರಮ್ಮ ಸೆರಗಿನ ಅಂಚು ಹಿಂಡಿ,
ಕೂಲಿಯ ನೋಟು ಎರಡು ಸಲ ಎಣಿಸಿ,
ಮತ್ತೆ ಕುಂಟುತ್ತ ನಾಲ್ಕು ಹೆಜ್ಜೆ ಹೋಗಿ ತಿರುಗಿದಳು:
'ನಾಳೆ ಐದ್ನೇದಲ್ವಾ?
ಅದ್ರಲ್ಲಿ ಗೋಡೆ ಎಡಗೈಗೆ.'